ನನ್ನ ಕಾರ್ಡು, ತಂಗಿಯ ಹೊಲಿಗೆ

ಮಾರ್ಚ್ 4, ಸಂಜೆ

ಇವತ್ತೂ ಬೆಡ್‌ಶೀಟಿನ ರಾಶಿ. ಹೋಟೆಲಿಗೆ ಬಂದವರು ಮಲಗುತ್ತಾರೋ ಕುಸ್ತಿ ಆಡುತ್ತಾರೋ ದೇವರೇ ಬಲ್ಲ. ಇಸ್ತ್ರಿ ಮೆಷಿನ್ ಮುಂದೆ ಎಂಟು ಗಂಟೆ. ಮಧ್ಯಾಹ್ನದಿಂದ ಹೊಟ್ಟೆನೋವು. ಬಲಗಡೆ, ಕೆಳಗೆ. ತಂಗಿ ಬಿಸಿನೀರು ಕೊಟ್ಟಳು.

"ಊಟ ಬಿಟ್ಟು ಬಿಟ್ಟು ಗ್ಯಾಸ್ ತುಂಬ್ಕೊಂಡಿದೆ ಕಣೇ ಅಕ್ಕ."

ನನಗೇ ಬುದ್ಧಿ ಹೇಳುವಷ್ಟು ದೊಡ್ಡವಳಾಗಿದ್ದಾಳೆ.

ಮಾರ್ಚ್ 5, ಬೆಳಿಗ್ಗೆ 11

ಆಸ್ಪತ್ರೆಗೆ ಹೋಗಿದ್ದೆ. ಕಂಪನಿ ಕೊಟ್ಟ ವಿಮೆ ಕಾರ್ಡ್ ಇದೆಯಲ್ಲ, ಏನು ಭಯ ಅಂದುಕೊಂಡು. ಡಾಕ್ಟರ್ ಕಂಪ್ಯೂಟರ್ ನೋಡಿದ. ನನ್ನ ಕೋಟಿನ ಮೇಲಿಂದಲೇ ಹೊಟ್ಟೆಗೆ ಎರಡು ಬೆರಳು ಒತ್ತಿದ.

"ಅಪೆಂಡಿಕ್ಸ್ ಅಂತೂ ಅಲ್ಲ. ಅದನ್ನ ಹೋದ ವರ್ಷನೇ ತೆಗ್ದಿದ್ದೀವಲ್ಲ."

ತೆಗೆದದ್ದು ನನ್ನದಲ್ಲ. ತಂಗಿಯದು. ನನ್ನ ಕಾರ್ಡಿನಲ್ಲಿ, ನನ್ನ ಹೆಸರಿನಲ್ಲಿ.

ಹೌದೆಂದು ತಲೆಯಾಡಿಸಿದೆ. ಗ್ಯಾಸ್ ಮಾತ್ರೆ ಹಿಡಿದುಕೊಂಡು ಬಂದೆ.

ಅದೇ ದಿನ, ಸಂಜೆ

ಈ ದೇಶಕ್ಕೆ ಬಂದು ನನಗೆ ಆರು ವರ್ಷ, ಅವಳಿಗೆ ಎರಡು. ಅವಳ ಕಾಗದಪತ್ರ ಇನ್ನೂ ಆಗಿಲ್ಲ. ಕಂಪನಿಯ ಫಾರ್ಮಿನಲ್ಲಿ ಕುಟುಂಬ ಅಂದರೆ ಗಂಡ, ಮಕ್ಕಳು. ನನಗೆ ಅವರ್ಯಾರೂ ಇಲ್ಲ. ಇರುವವಳು ತಂಗಿ. ಅವಳಿಗೆ ಅದರಲ್ಲಿ ಜಾಗವಿಲ್ಲ.

ಅವಳು ನೋವಿನಿಂದ ಒದ್ದಾಡಿದ ದಿನ ನನ್ನ ಕಾರ್ಡನ್ನೇ ಕೈಗೆ ತುರುಕಿದ್ದೆ. ಇಬ್ಬರದೂ ಒಂದೇ ಅಚ್ಚು. ಕೌಂಟರಿನವಳು ತಲೆ ಕೂಡ ಎತ್ತಲಿಲ್ಲ. ಮನೆಗೆ ಬಂದ ಮೇಲೆ ನಾವು ನಕ್ಕಿದ್ದೇ ನಕ್ಕಿದ್ದು...

ಈಗ ನಿಜ ಹೇಳಿದರೆ ಅವಳನ್ನು ವಾಪಸ್ ಕಳಿಸುತ್ತಾರೆ. ಹೇಳದಿದ್ದರೆ — ನನ್ನ ಹೊಟ್ಟೆಯಲ್ಲಿರುವುದು ಅವರ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ.

ಮಾರ್ಚ್ 6

ಜ್ವರ. ವಾಂತಿ. ಕೆಲಸಕ್ಕೆ ಹೋಗಲಿಲ್ಲ. ಡಾಕ್ಟರ್ ಹೇಳಿದ್ದನ್ನು ತಂಗಿಗೆ ಹೇಳಬಾರದೆಂದಿದ್ದೆ. ಬಾಯಿ ತಪ್ಪಿ ಬಂತು. ಅವಳು ಎದ್ದು ಕೋಟು ಹಾಕಿಕೊಂಡಳು.

"ನಡಿ, ಈಗ್ಲೇ ಹೋಗಿ ಹೇಳ್ಬಿಡೋಣ."

"ಸುಮ್ನಿರೇ. ಗ್ಯಾಸೇ ಇರ್ಬೋದು."

"ನನಗೂ ಹೀಗೇ ಬಂದಿತ್ತಲ್ಲೇ ಅಕ್ಕ!"

ನನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡೆ. ಏನೇ ಆಗಲಿ, ಒಂದು ಮಾತೂ ಆಡಬಾರದು.

ಮಾರ್ಚ್ 10

ಬದುಕಿದ್ದೇನೆ. ಆಸ್ಪತ್ರೆ. ಈ ಪುಸ್ತಕ ದಿಂಬಿನ ಕೆಳಗಿತ್ತು, ತಂಗಿಯೇ ತಂದಿಟ್ಟಿರಬೇಕು. ಪೆನ್ನು ನರ್ಸಮ್ಮನದು. ಅಪೆಂಡಿಕ್ಸ್ ಒಳಗೇ ಒಡೆದಿತ್ತಂತೆ. ಇನ್ನೊಂದು ಗಂಟೆ ತಡವಾಗಿದ್ದರೆ ನನ್ನ ಕಥೆ ಮುಗಿಯುತ್ತಿತ್ತಂತೆ.

ಪ್ರಜ್ಞೆಯಿಲ್ಲದ ನನ್ನನ್ನು ತಂದಾಗಲೂ ಡಾಕ್ಟರ್ ಅದೇ ಕಂಪ್ಯೂಟರ್ ತೋರಿಸಿದನಂತೆ. ತಂಗಿ ತುಟಿ ಪಿಟಿಕ್ಕೆನ್ನಲಿಲ್ಲವಂತೆ. ಎಲ್ಲರೆದುರು ಅಂಗಿ ಎತ್ತಿ ತನ್ನ ಹೊಟ್ಟೆಯ ಹೊಲಿಗೆ ಗುರುತು ತೋರಿಸಿದಳಂತೆ.

ಆಣೆ ಮುರಿಯಲಿಲ್ಲ, ಕಳ್ಳಿ.

"ಅವಳೆಲ್ಲಿ?" ಕೇಳಿದೆ.

ನರ್ಸಮ್ಮ ಗ್ಲೂಕೋಸ್ ಬಾಟಲಿ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ಮೊನ್ನೆ ವೀಸಾ ಆಫೀಸಿನವ್ರು ಇಬ್ರು ಬಂದು ಕರ್ಕೊಂಡು ಹೋದ್ರಮ್ಮ. ಈ ಫಾರ್ಮ್ ಕೊಟ್ಟಿದ್ದಾರೆ. ಅವ್ಳು ನಿಮಗೆ ಏನಾಗ್ಬೇಕು ಅಂತ ಬರೀಬೇಕಂತೆ."

ಇದೂ ಕಂಪನಿಯ ಫಾರ್ಮಿನ ಹಾಗೇ. ಗಂಡ, ಮಕ್ಕಳು. ಎರಡೇ ಚೌಕ. ಪಕ್ಕದ ಖಾಲಿ ಜಾಗದಲ್ಲಿ ಬರೆಯುತ್ತೇನೆ, ಅವಳು ನನ್ನ—