ನಾಲ್ಕನೇ ಜ್ವರ

ಕೊಲೆಗಾತಿ ಎಂಬ ಪದವಿಯಿಂದ ಇಂದು ಮಧ್ಯಾಹ್ನ ಸಕಲ ಗೌರವಗಳೊಂದಿಗೆ ವಜಾಗೊಂಡಿರುವ, ನಲವತ್ತು ಸಾವಿರ ರೇಷ್ಮೆಹುಳುಗಳ ತಾಯಿಯಾದ ನನ್ನ ವೀಣಚಿಕ್ಕಮ್ಮನಿಗೆ,

ಗೆದ್ದೆವು ಕಣೇ ಚಿಕ್ಕಮ್ಮ! ತಾತನ ಹೊಟ್ಟೆಯಲ್ಲಿ ವಿಷವೇ ಇರಲಿಲ್ಲ, ಹೃದಯ ತಾನಾಗಿ ನಿಂತಿತ್ತು ಎಂದು ಪ್ರಯೋಗಾಲಯದ ವರದಿ ಬಂದಿದೆ. ನಾಳೆ ಬೆಳಿಗ್ಗೆ ಲಾಯರ್ ಶ್ರೀಕಾಂತ್ ನಿನ್ನನ್ನು ಬಿಡಿಸಿಕೊಂಡು ಬರುತ್ತಾರೆ. ಈ ಕಾಗದ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಕಾರಿನಲ್ಲಿ ಓದು. ಜೈಲಿನ ಬಾಗಿಲಲ್ಲಿ ಓದಿ ನಕ್ಕರೆ ಮತ್ತೆ ಒಳಗೆ ಹಾಕಿಯಾರು.

ನೀನು ಒಳಗಿದ್ದ ಇಪ್ಪತ್ತಾರು ದಿನ ಹೊರಗೆ ನಡೆದ ಘನ ಸಂಶೋಧನೆಯನ್ನು ದಾಖಲಿಸುವುದು ನನ್ನ ಕರ್ತವ್ಯ. ವಿಷಯ: ಸೊಸೆ ಮಾವನನ್ನು ಕೊಂದ ಉದ್ದೇಶ. ಸಂಶೋಧನಾ ಕೇಂದ್ರ: ಮದ್ದೂರು–ಮಳವಳ್ಳಿ ಬಸ್ಸು. ಮದ್ದೂರು ಬಿಡುವಾಗ ನೀನು ಹಿಪ್ಪುನೇರಳೆ ತೋಟಕ್ಕಾಗಿ ಕೊಂದಿದ್ದೆ. ಕೆ.ಎಂ. ದೊಡ್ಡಿಯಲ್ಲಿ ತಾತನ ಉಂಗುರಕ್ಕಾಗಿ. ಮಳವಳ್ಳಿಯಲ್ಲಿ ಇಳಿಯುವಷ್ಟರಲ್ಲಿ ನಿನಗೊಬ್ಬ ಪ್ರಿಯಕರನೂ ಹುಟ್ಟಿದ್ದ, ಅವನಿಗೊಂದು ಬೈಕೂ ಇತ್ತು. "ಮುಕ ನೋಡುದ್ರೆ ಗೊತ್ತಾಯ್ತಿತ್ತು ಕಣಮ್ಮ, ಬಲೇ ಸೈಲೆಂಟು" ಎಂದಳು ನಿನ್ನ ಮುಖವನ್ನೇ ಕಾಣದ ಒಬ್ಬಾಕೆ. "ಊ ಕಣಕ್ಕ, ನಂಗೆ ದಿನಾ ಊಟಕ್ಕಿಕ್ತಿದ್ದಿದ್ದೂ ಅವ್ಳೇಯಾ" ಎಂದೆ. ಸೀಟು ಬಿಟ್ಟು ಎದ್ದುಹೋದಳು. ಕಿಟಕಿ ಪಕ್ಕದ ಸೀಟು, ನಷ್ಟವೇನಿಲ್ಲ.

ಇದಕ್ಕೆಲ್ಲ ಮೂಲ, ಮನೆಯವರ ವಾಟ್ಸಾಪ್ ಗುಂಪಿಗೆ ನೀನು ಕಳಿಸಿದ ಹನ್ನೆರಡು ಸೆಕೆಂಡಿನ ಮಾತು: "ನಾಲ್ಕನೇ ಜ್ವರ ಕಣ್ರಪ್ಪ. ತಿನ್ನಕ್ಕೇನೂ ಆಕಿಲ್ಲ. ಪುಡಿ ಉದುರ್ಸಿವ್ನಿ. ನಾಳೆ ಎದ್ಮೇಲೆ ನೋಡ್ಕಂಡ್ರಾಯ್ತು." ಆ ವಾರ ತಾತನಿಗೂ ಜ್ವರವಿತ್ತು. ಬೆಳಿಗ್ಗೆ ತಾತ ಏಳಲಿಲ್ಲ. ಹುಳುಗಳ ಪಕ್ಕದಲ್ಲೇ ಮಲಗುತ್ತಿದ್ದ ಅವರ ಕಂಬಳಿಯ ಮೇಲೂ ಬಿಳಿ ಪುಡಿ. ರೇಷ್ಮೆಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ, ಆಗ ಸೊಪ್ಪು ಹಾಕದೆ ಸುಣ್ಣದ ಪುಡಿ ಉದುರಿಸುತ್ತೇವೆ ಎಂಬುದು ಮಂಡ್ಯ ಪೇಟೆಯಲ್ಲೇ ಬೆಳೆದ ತಾತನ ಅಳಿಯ ಚಲುವರಾಜು ಮಾಮನಿಗೆ ಹೇಗೆ ಗೊತ್ತಾಗಬೇಕು? ಅಳುತ್ತಲೇ ಹೋಗಿ ನಿನ್ನ ಧ್ವನಿಯನ್ನು ಠಾಣೆಗೆ ಒಪ್ಪಿಸಿದರು. ನೀನು ಬಿಡಿಸಿ ಹೇಳಿದ್ದಕ್ಕೆ ಹೊರಜಿಲ್ಲೆಯಿಂದ ಬಂದಿದ್ದ ಇನ್ಸ್‌ಪೆಕ್ಟರ್ ನಕ್ಕರು. "ಹುಳಕ್ಕೆ ಜ್ವರಾನಾ? ಥರ್ಮಾಮೀಟರ್ ಎಲ್ಲಿಟ್ಟೆಯಮ್ಮಾ?"

ಈಗ ನನ್ನ ಪರಾಕ್ರಮ. ನಿನ್ನ ಮಾತು ನನ್ನದೊಂದು ತರಲೆಗೆ ಉತ್ತರವಾಗಿತ್ತು, ನೆನಪಿದೆಯಾ? ತಲೆಯೆತ್ತಿ ಅಲ್ಲಾಡದೆ ಕೂತ ಹುಳುಗಳ ಫೋಟೊ ಹಾಕಿ ಆ ಸಂಜೆ ಬರೆದಿದ್ದೆ: "ಪ್ರಕಟಣೆ. ನಮ್ಮ ಮನೆಯ ನಲವತ್ತು ಸಾವಿರ ಮಹನೀಯರು ಮೌನವ್ರತದಲ್ಲಿದ್ದಾರೆ. ಆರೋಗ್ಯ ವಿಚಾರಿಸುವವರು ಚಿಕ್ಕಮ್ಮನನ್ನು ಸಂಪರ್ಕಿಸತಕ್ಕದ್ದು." "ನೀನು ಉದ್ಧಾರ ಆಗಕಿಲ್ಲ ಕಣೇ" ಎಂದು ಬೈದ ತಾತ ಅದನ್ನು ಇನ್ನೊಮ್ಮೆ ಓದಿಸಿಕೊಂಡು ನಕ್ಕಿದ್ದರು. ಸಾವಿನ ಮನೆಯಲ್ಲಿ ಆ ತಮಾಷೆಯನ್ನು ನೋಡಲಾರದೆ ನನ್ನ ಫೋನಿನಿಂದ ಅಳಿಸಿದ್ದೆ. ಉಳಿದವರ ಫೋನುಗಳಲ್ಲಿ ಅದು ಇದ್ದೇ ಇತ್ತು. ನನ್ನ ತರಲೆ ಸಾಕ್ಷಿಯಾದೀತು ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆದದ್ದು ಮೊನ್ನೆ, ನೀನಿಲ್ಲದೆ ನಾನೇ ಸಾಕಿದ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಾಗ.

ಅಜ್ಜಿಯ ಫೋನನ್ನೂ ಒಂದು ತಟ್ಟೆ ಹುಳುವನ್ನೂ ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟೆ. "ಸೊಪ್ಪು ಹಾಕಿ ಸಾರ್, ತಿನ್ನಕ್ಕೆ ನೀವೇ ಆರ್ಡರ್ ಮಾಡಿ." ಹಾಕಿದರು. ಒಂದಾದರೂ ಬಾಯಿ ಹಾಕಬೇಕಲ್ಲ! ಫೋಟೊ ನೋಡಿದರು, ತಟ್ಟೆ ನೋಡಿದರು, ನಿನ್ನ ಮಾತನ್ನು ಮತ್ತೆ ಕೇಳಿದರು. ನಗಲಿಲ್ಲ, ತಟ್ಟೆಯನ್ನು ಅಲ್ಲೇ ಇಟ್ಟುಕೊಂಡರು. ಮರುದಿನ ಅವರೇ ಫೋನು ಮಾಡಿದರು: "ಎದ್ದಿವೆ ಕಣಮ್ಮ ನಿನ್ನ ಸಾಕ್ಷಿಗಳು. ಫೈಲ್ ಮೇಲೆಲ್ಲ ಹರಿದಾಡ್ತಿವೆ, ಬೇಗ ಬಾ." ಪ್ರಯೋಗಾಲಯದಲ್ಲೇ ನಿಂತಿದ್ದ ವರದಿಯನ್ನು ಅವರೇ ಬೆನ್ನುಹತ್ತಿ ತರಿಸಿದರು.

ಚಲುವರಾಜು ಮಾಮ ನಮ್ಮ ಮನೆಯಲ್ಲೇ ಇದ್ದಾರೆ. ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ಸೊಪ್ಪು ಕತ್ತರಿಸುವ ಶಿಕ್ಷೆ ವಿಧಿಸಿದ್ದೇನೆ. ಮೇಲ್ಮನವಿ ನಿನ್ನ ಹತ್ತಿರ ಬರುತ್ತದೆ, ಕ್ಷಮೆ ನಿನ್ನಿಷ್ಟ.

ತಾತ ಮಾತ್ರ ಏಳಲಿಲ್ಲ, ಚಿಕ್ಕಮ್ಮ. ಉದ್ದೇಶ ಹುಡುಕುವ ಗದ್ದಲದಲ್ಲಿ ಅವರಿಗಾಗಿ ಯಾರೂ ಸರಿಯಾಗಿ ಅಳಲೇ ಇಲ್ಲ. ನೀನು ಬಾ, ಒಟ್ಟಿಗೆ ಅತ್ತುಬಿಡೋಣ. ಆಮೇಲೆ ಸೊಪ್ಪು ಹಾಕೋಣ.

ನಿನ್ನ ಜ್ವರ ಬಿಟ್ಟಿತು. ಹಳೇ ಪೊರೆ ಅಲ್ಲೇ ಬಿದ್ದಿರಲಿ, ಹೊಸ ಮೈಯಲ್ಲಿ ಎದ್ದು ಬಾ. ಹೊಟ್ಟೆ ತುಂಬ ಉಣ್ಣುವಂತಾಗಲಿ.

ಉದ್ಧಾರವಾಗದಿದ್ದರೂ ಉಪಯೋಗಕ್ಕೆ ಬಂದ ನಿನ್ನ
ನಯನ