ಹುತ್ತದ ನಕ್ಷೆ

೨ ನವೆಂಬರ್ ೨೦೦೬, ಗುರುವಾರ
ಮತ್ತೆ ಎಂಟರ ಬಸ್ಸು, ಮತ್ತೆ ರಾಮನಗರದವರೆಗೂ ನಿಂತೇ. ರೇಷ್ಮೆ ಕಂಪನಿಯೊಂದಕ್ಕೆ ನಾವು ಕಟ್ಟಿಸಿದ ಕಟ್ಟಡ: ಕೆಳಗೆ ರೇಷ್ಮೆಹುಳುವಿನ ಲ್ಯಾಬ್, ಮೇಲೆ ಅವರ ಆಫೀಸು. ಹುತ್ತ ನೋಡಿ ನಾನು ಹಾಕಿದ ಡಿಸೈನ್: ತಂಪು ಗಾಳಿ ತಳದ ಕಿಂಡಿಗಳಿಂದ ಒಳಗೆ, ಬಿಸಿ ಗಾಳಿ ನೆತ್ತಿಯಿಂದ ಹೊರಗೆ. ಎಸಿ ಇಲ್ಲ. ಕಂಪನಿಯವರದು ಒಂದೇ ಷರತ್ತು — ಮೊದಲ ಬ್ಯಾಚ್ ಹುಳು ಇಲ್ಲೇ ಗೂಡು ಕಟ್ಟಬೇಕು. ಇಲ್ಲದಿದ್ದರೆ ಕಿಂಡಿಗಳಿಗೆಲ್ಲ ಇಟ್ಟಿಗೆ ಇಟ್ಟು ಮುಚ್ಚುತ್ತಾರೆ. ನಾನೊಬ್ಬಳೇ ಡಿಸೈನ್ ಮಾಡಿದ ಮೊದಲ ಕಟ್ಟಡ. ಊಟ ಸೇರುತ್ತಿಲ್ಲ.

ಹುಳು ನೋಡಿಕೊಳ್ಳುವವರು ಅಂಕಮ್ಮ. ಇಪ್ಪತ್ತು ವರ್ಷ ಮನೆಯಲ್ಲೇ ಸಾಕಿದ ಕೈ. ಬ್ಯಾಚ್ ಗೆದ್ದರೆ ಅವರ ಕೆಲಸ ಪರ್ಮನೆಂಟ್. ನನ್ನ ಕೈ ಮೂಸಿ ನೋಡಿದರು.
"ಸೆಂಟ್ ಹಾಕಂಡಿದ್ದೀಯಲ್ಲವ್ವ? ಆಚೆನೇ ನಿಂತ್ಕ. ಹುಳಕ್ಕೆ ಆಗಕಿಲ್ಲ."
ನಿಂತೆ.

೬ ನವೆಂಬರ್
ಮೂರನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಹುಳು ಎದ್ದಿವೆ. ಸೊಪ್ಪು ಮುಟ್ಟುತ್ತಿಲ್ಲ. ಮೂಡಲ ಸಾಲಿನ ತಟ್ಟೆಗಳಲ್ಲಿ ಆಗಲೇ ಅರ್ಧ ಸತ್ತಿವೆ...

ನಮ್ಮ ಆರ್ಕಿಟೆಕ್ಟ್ ಆಫೀಸಿನ ಯಜಮಾನರು, ಜಯಕುಮಾರ್ ಸರ್, ಓಡಿ ಬಂದರು. ಅಂಕಮ್ಮನ ಚೀಲದಲ್ಲಿ ಕಡ್ಡಿಪುಡಿ ಪೊಟ್ಟಣ ಸಿಕ್ಕಿತಂತೆ. ಹೊಗೆಸೊಪ್ಪಿನ ಘಾಟು ಹುಳುವಿಗೆ ವಿಷ. "ಇನ್ನೇನು ಬೇಕು?" ಎಂದರು, ನೆಮ್ಮದಿಯಿಂದ.

೯ ನವೆಂಬರ್, ಬೆಳಿಗ್ಗೆ ೭
ಒಂದೂ ಉಳಿಯಲಿಲ್ಲ. ಸತ್ತವನ್ನೆಲ್ಲ ಸುಟ್ಟಾಯಿತು.
ಮೂಡಲ ಕಿಂಡಿಯ ಹೊರಗೆ ಊದುಬತ್ತಿ ಹಿಡಿದೆ. ಹೊಗೆ ಸರ್ರನೆ ಖಾಲಿ ಕೋಣೆಯೊಳಕ್ಕೆ. ಆ ಕಡೆ ಪಕ್ಕದ ಶೆಡ್‌ನಲ್ಲಿ ಬೀರುಗಳಿಗೆ ಪೇಂಟ್ ಹೊಡೆಯುತ್ತಾರೆ. ನಾನು ಗಾಳಿ ಅಳೆದದ್ದು ಜೂನ್‌ನಲ್ಲಿ, ಪಡುವಣ ಗಾಳಿ, ಪೇಂಟ್ ವಾಸನೆ ಆಚೆಗೆ ಹೋಗುತ್ತಿತ್ತು. ಕಾರ್ತಿಕದಲ್ಲಿ ಗಾಳಿ ಮೂಡಲಿಂದ, ಪೇಂಟಿನ ವಿಷ ನೇರ ಕಿಂಡಿಯೊಳಕ್ಕೆ. ಇಲ್ಲಿ ಹುಳು ಸಾಕುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳಲಿಲ್ಲ. ಎಂಥ ಜಂಬ ನನಗೆ.

ಮಧ್ಯಾಹ್ನ
ಸರ್‌ಗೆ ಹೇಳಲು ಹೊರಟರೆ ಅಂಕಮ್ಮ ಎದುರಾದರು. ಹೆಬ್ಬೆಟ್ಟಿನಲ್ಲಿ ಇಂಕು.
"ತೆಪ್ಪು ನಂದೇ ಅಂತ ಕಂಪ್ನಿಯೋರ್ಗೆ ಹೆಬ್ಬೆಟ್ಟು ಒತ್ಕೊಟ್ಬುಟ್ಟೆ ಕಣವ್ವ. ಆವತ್ತು ಒಸಿ ಕಡ್ಡಿಪುಡಿ ಹಾಕಂಡಿದ್ದು ದಿಟ. ಬಾಯಿ ತೊಳ್ಕಂಡೇ ಒಳಕ್ಕೋದೆ. ಆದ್ರೂ ಹುಳಕ್ಕೆ ಗೊತ್ತಾಯ್ತದೆ."
"ಅಷ್ಟಕ್ಕೇ ಎಲ್ಲ ಸಾಯುತ್ತವಾ ಅಂಕಮ್ಮ?"
"ನಿಂಗೆ ತಿಳಿಯಕಿಲ್ಲ. ಎಳೆ ಮಕ್ಳಿದ್ದಂಗೆ ಅವು."
ಎದೆ ಹಗುರಾಯಿತು. ಹೌದು, ಆಯಿತು. ತಪ್ಪು ಕಟ್ಟಡದ್ದಲ್ಲ ಎಂದಾಗುತ್ತದೆ, ಹೊಸ ಬ್ಯಾಚ್ ತರುತ್ತಾರೆ, ಕಟ್ಟಡ ಉಳಿಯುತ್ತದೆ, ಅಂಕಮ್ಮ ಮನೆಗೆ. ಸರ್ ಹತ್ತಿರ ಹೋಗಲಿಲ್ಲ. ಇದನ್ನು ಬರೆಯುತ್ತ ನನ್ನ ಮೇಲೆ ನನಗೇ ಹೇಸಿಗೆ.

೧೦ ನವೆಂಬರ್
ಡ್ರಾಯಿಂಗ್ ಬಿಚ್ಚಿ ಸರ್ ಮುಂದೆ ಹರಡಿದೆ. ಮೂಡಲ ಕಿಂಡಿಗಳ ಮೇಲೆ ಬೆರಳಿಟ್ಟೆ. "ಹುಳು ಸತ್ತದ್ದು ಇದರಿಂದ ಸರ್. ಅಂಕಮ್ಮನಿಂದಲ್ಲ. ನನ್ನಿಂದ."
ಸರ್ ಡ್ರಾಯಿಂಗ್ ಸುರುಳಿ ಸುತ್ತಿಟ್ಟರು. "ಅವಳು ಒಪ್ಕೊಂಡಾಯ್ತಲ್ಲಮ್ಮ. ಬಾಗಿಲು ಹಾಕ್ಕೊಂಡು ಬಾ, ಮಾತಾಡೋಣ."
ಬಾಗಿಲವರೆಗೆ ಹೋದೆ. ಹೊರಗೆ ಬೆಂಚಿನ ಮೇಲೆ ಅಂಕಮ್ಮ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಾಗಿಲು ಹಾಕಲಿಲ್ಲ. ಅವರಿಗೂ ಕೇಳುವ ಹಾಗೆ, ಮೊದಲಿನಿಂದ ಮತ್ತೆ ಎಲ್ಲ ಹೇಳತೊಡಗಿದೆ.