ಜೋಸ್ನಾ ಎಂಬ ಕೂಗು

ಬೆಳಕೆ, ೧೯೬೪

ಅಣ್ಣಾ,

ಕುಮಟೆಯ ಶಾಲೆಯಲ್ಲಿ ಕಲಿತ ನೀನು ನನ್ನ ಮಗಳಿಗೆ ಜ್ಯೋತ್ಸ್ನಾ ಎಂದು ಹೆಸರಿಟ್ಟಾಗ ಊರಲ್ಲಿ ಯಾರಿಗೂ ನಾಲಿಗೆ ಹೊರಳಲಿಲ್ಲ. ದೋಣಿಯೊಂದಿಗೆ ನೀನು ಕಡಲಲ್ಲಿ ಕಳೆದುಹೋದ ಮೇಲೆ, ನಿನ್ನ ನೆನಪಿಗೆಂದು ಮತ್ತೆರಡು ಮನೆಗಳಲ್ಲಿ ಅದೇ ಹೆಸರಿಟ್ಟರು. ಎಲ್ಲರೂ ಕರೆಯುವುದು ಜೋಸ್ನಾ ಎಂದೇ.

ಇಂದು ಮಧ್ಯಾಹ್ನ ಮೀನು ಒಣಹಾಕುತ್ತಿದ್ದಾಗ ಯಾರೋ ಕೂಗಿದರು: "ಜೋಸ್ನಾ ನೀರಿಗೆ ಬಿತ್ತು!"

ಎದ್ದುಬಿದ್ದು ಓಡಿದೆ. ಗಂಡಸರು ಅಲೆಯಿಂದ ಎತ್ತಿ ತಂದದ್ದು ನೆರೆಮನೆ ಮಾಸ್ತಮ್ಮನ ಮಗಳು ಜೋಸ್ನಾಳನ್ನು. ಮಗು ನೀರು ಕಾರಿ ಅತ್ತಿತು, ನಾನೂ ಅತ್ತೆ.

"ನೀ ಎಂತಕ್ಕೆ ಅಳ್ತೆ? ಬಿದ್ದದ್ದು ನಂದಲ್ವಾ?" ಎಂದಳು ಮಾಸ್ತಮ್ಮ, ಮಗುವನ್ನು ಸೆರಗಿನಲ್ಲಿ ಸುತ್ತುತ್ತ.

ನನ್ನವಳು ಮನೆಯಲ್ಲಿ ಮಲಗಿದ್ದಳು. ಅವಳನ್ನು ಎಬ್ಬಿಸಲು ನೀನು ಕಲಿಸಿದಂತೆ ಜ್ಯೋತ್ಸ್ನಾ ಎಂದೇ ಕರೆಯಹೋದೆ, ಅಣ್ಣಾ. ಆದರೆ ನಿನ್ನನ್ನು ಒಯ್ದ ಕಡಲಿಗೆ ಆ ಹೆಸರು ಕೇಳಿಸೀತೆಂದು ಹೆದರಿ, ಬರೀ "ಮಗಾ" ಎಂದೆ.